ಬಚ್ಚಲ ಹಂಡೆಯ ಮೊಟ್ಟೆ

ಅವರ ಬಲಗೈಯ ನಡುವಿನ ಮೂರು ಬೆರಳುಗಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಪಾತ್ರೆ ತಿಕ್ಕಿದರೂ ಬಟ್ಟೆ ಒಗೆದರೂ ಆ ಬಿಳುಪು ಪೂರ್ತಿ ಹೋಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ವಿಭೂತಿ ಕೂತುಬಿಟ್ಟಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಹಣೆಗೆ, ತೋಳಿಗೆ, ಆಮೇಲೆ ಒಲೆಗೆ, ಹೊಸ್ತಿಲಿಗೆ, ಹೊಸದಾಗಿ ತಂದ ಮಿಕ್ಸಿಗೆ ಕೂಡ ಆ ಮೂರು ಬೆರಳು ಎಳೆದೇ ಮುಂದಿನ ಕೆಲಸ. ಒಂದು ಸಲ ನನ್ನ ಸ್ಕೂಟಿಯ ಮೂತಿಗೂ ಎಳೆದಿದ್ದರು, ನನ್ನನ್ನು ಕೇಳದೆಯೇ. ಬಾಡಿಗೆಗಿರುವವಳಿಗೆ ಎಲ್ಲದಕ್ಕೂ ಜಗಳ ತೆಗೆಯಲಾಗುವುದಿಲ್ಲ.

ಅವರು ಚನ್ನಗಿರಿಯಲ್ಲಿ ನನ್ನ ಮನೆ ಓನರಮ್ಮ. ನಾನು ಜಗಳೂರು ಕಡೆಯ ಸೊಕ್ಕೆಯವಳು. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಚನ್ನಗಿರಿಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಸಿಕ್ಕಿ, ಬಾಡಿಗೆ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಿತ್ತು. ನಮ್ಮ ಕಡೆ ಮನೆ ಕೊಡುವವರು ಜಾತಿ ಕೇಳುವುದಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದಾರೆ. "ತಿಂತೀರಾ?" ಅಂತ ಕೇಳುತ್ತಾರೆ. ಇವರೂ ಗೇಟಿನಲ್ಲಿ ನಿಂತು ಅದನ್ನೇ ಕೇಳಿದರು.

"ತಿಂತೀವಿ. ಇಲ್ಲಿ ತಿನ್ನಲ್ಲ," ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಸುಳ್ಳು ಹೇಳಲಿಲ್ಲ. ಮುಂಚೆ ಇದ್ದೋರು ಏನೂ ಮುಟ್ಟಂಗಿಲ್ಲ ಅಂತ ಬಂದು ಕುಕ್ಕರಿನಾಗೆ ಕೋಳಿ ಕೂಗಿಸಿದ್ರು. ಇರು ಬಾ. ಆದ್ರೆ ಮೊಟ್ಟೆ ಸೈತ ಈ ಗೇಟಿನ ಒಳಗೆ ಬರಾಂಗಿಲ್ಲ."

ಹಾಗಾಗಿ ನನ್ನ ಮೊಟ್ಟೆಯೆಲ್ಲ ಬಸ್‌ಸ್ಟ್ಯಾಂಡಿನ ಗಾಡಿಯ ಮುಂದೆ ನಿಂತುಕೊಂಡೇ ಮುಗಿಯುತ್ತಿತ್ತು. ಬಾಯಿ ತೊಳೆದುಕೊಂಡು ಮನೆಗೆ ಬಂದರೆ ಓನರಮ್ಮ ಮೂಗು ಅರಳಿಸಿ, "ಬಂದ್ಯಾ? ಹೊಟ್ಟೆ ತುಂಬೈತಾ?" ಅನ್ನುತ್ತಿದ್ದರು. ಅವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿದೆ ಅಂತ ನನಗೂ ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚು ಮಾತು ಅದರ ಬಗ್ಗೆ ಬೆಳೆಯಲಿಲ್ಲ.

ಅವರಿಗೆ ಸಹಿಸಲಾಗದ್ದು ಒಂದೇ, ಯಾವುದಾದರೂ ವ್ಯರ್ಥವಾಗುವುದು. "ಸುಮ್ನೆ ಹೋಗಬಾರ್ದು" ಅನ್ನುವುದು ಅವರ ದಿನದ ಮಾತು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಹರಿದ ಸೀರೆ ಕೌದಿಗೆ. ಬಚ್ಚಲುಮನೆಯ ಹಂಡೆಗೆ ಅಡಿಕೆ ಸಿಪ್ಪೆಯ ಉರಿ. ಅವರ ಯಜಮಾನರು ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸಿ ಬೇರೆ ಮಾಡುವ ಕೆಲಸದಲ್ಲಿದ್ದವರು, ಬಹಳ ಮೆತ್ತಗಿನ ಮನುಷ್ಯ. ಬಾಯಲ್ಲಿ ಸದಾ ಅಡಿಕೆ ಇರುತ್ತಿದ್ದರಿಂದ ಅವರು ಮಾತಾಡಿದ್ದಕ್ಕಿಂತ ತಲೆಯಾಡಿಸಿದ್ದೇ ಹೆಚ್ಚು. ಆ ಬಾಯಿಗೇ ಹುಣ್ಣು ಬಂತು. ದಾವಣಗೆರೆಯಲ್ಲಿ ದವಡೆಯ ಒಂದು ಭಾಗ ತೆಗೆದರು. ಆಮೇಲೆ ಕರೆಂಟ್ ಇಡಿಸುವುದು, ಅಂದರೆ ರೇಡಿಯೇಷನ್, ಶುರುವಾಯಿತು.

ಒಂದು ಭಾನುವಾರ ಬೆಳಿಗ್ಗೆ ಓನರಮ್ಮ ನನ್ನ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು.

"ಮೊಟ್ಟೆ ಬೇಯ್ಸಾಕೆ ಬರ್ತತೇನವ್ವ ನಿನಗೆ?"

ನನಗೆ ನಗು ಬರುವುದರಲ್ಲಿತ್ತು. ಅವರ ಮುಖ ನೋಡಿ ತಡೆದುಕೊಂಡೆ. ಯಜಮಾನರ ತೂಕ ಇಳಿಯುತ್ತಲೇ ಇತ್ತು. ಇನ್ನೂ ಇಳಿದರೆ ಮೈ ತಡೆಯುವುದಿಲ್ಲ, ಕರೆಂಟ್ ನಿಲ್ಲಿಸಬೇಕಾಗುತ್ತದೆ ಅಂದಿದ್ದರಂತೆ ಡಾಕ್ಟರು. ಡಬ್ಬಿಯ ಪುಡಿ ಕುಡಿಸಿದರೆ ವಾಂತಿ, ಬೇಳೆಕಟ್ಟು ಸಾಲದು. ಮೊಟ್ಟೆ ಕೊಡಿ, ಆದರೆ ಹಸಿಯಾಗಿ ಕೊಡಬೇಡಿ ಅಂದಿದ್ದರು. ಗಟ್ಟಿಯಾಗಿ ಬೇಯಿಸಿದ್ದು ಸುಟ್ಟ ಗಂಟಲಿನಲ್ಲಿ ಇಳಿಯುವುದಿಲ್ಲ.

ಮೊಬೈಲಿನಲ್ಲಿ ನಾನು ಒಂದು ವಿಡಿಯೋ ನೋಡಿದ್ದೆ. ಹೊರದೇಶದ ಹೋಟೆಲುಗಳಲ್ಲಿ ಸೂ ವೀಡ್ ಅಂತ ಒಂದು ಕ್ರಮ. ನೀರಿನ ಪಾತ್ರೆಗೆ ಕಡ್ಡಿಯಂಥ ಯಂತ್ರ ಇಳಿಬಿಡುತ್ತಾರೆ, ಅದು ನೀರನ್ನು ಕುದಿಯಲೂ ಬಿಡದೆ ಆರಲೂ ಬಿಡದೆ ಒಂದೇ ಬಿಸಿಯಲ್ಲಿ ಹಿಡಿಯುತ್ತದೆ. ಅರವತ್ತಮೂರು ಡಿಗ್ರಿಯಲ್ಲಿ ಮೊಟ್ಟೆ ಒಂದು ಗಂಟೆ ಮೇಲ್ಪಟ್ಟು ಕೂತರೆ ಬಿಳಿ ಭಾಗ ಎಳೆ ಮೊಸರಿನ ಹದಕ್ಕೆ ಬರುತ್ತದೆ, ಹಳದಿ ಬೆಣ್ಣೆಯ ಹದಕ್ಕೆ. ಬೆಂದಿರುತ್ತದೆ, ಆದರೆ ಅಗಿಯುವ ಕೆಲಸವಿಲ್ಲ. ಇದನ್ನೆಲ್ಲ ಹೇಳಿ, ನನ್ನ ರೂಮಿನ ಗ್ಯಾಸಿನ ಮೇಲೆ ಹೇಗೋ ಮಾಡಿಕೊಡುತ್ತೇನೆ ಅಂದೆ.

"ಬ್ಯಾಡ. ನಿನ್ನ ಕೈಯಾಗೆ ಮಾಡ್ಸಿದ್ರೆ ಕದ್ದು ಮಾಡ್ಸಿದಂಗೆ ಆಗ್ತತೆ. ಅವರಿಗೆ ಕೊಡಾಕಿ ನಾನು, ಬೇಯ್ಸಾಕಿನೂ ನಾನೇ. ನೀನು ಹೆಂಗೆ ಅಂತ ಹೇಳು ಸಾಕು."

ಅಡುಗೆಮನೆಗೆ ಮೊಟ್ಟೆ ಹೋಗುವಂತಿಲ್ಲ, ಪಕ್ಕದಲ್ಲೇ ದೇವರಕೋಣೆ. ಕೊನೆಗೆ ಇಬ್ಬರೂ ಹಿತ್ತಲಿನ ಬಚ್ಚಲುಮನೆಗೆ ಹೋಗಿ ಹಂಡೆಯ ಮುಂದೆ ನಿಂತೆವು. ಅಡಿಕೆ ಸಿಪ್ಪೆ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಹಂಡೆಯ ನೀರು ಬೆಳಗಿನಿಂದ ಮಧ್ಯಾಹ್ನದವರೆಗೂ ಬಿಸಿಯಾಗಿಯೇ ಇರುತ್ತದೆ. ಯಂತ್ರದ ಕೆಲಸ ಇದರಿಂದಲೇ ಆಗಬಹುದು ಅನ್ನಿಸಿತು. ಆದರೆ ಅದೇ ನೀರಿನಲ್ಲಿ ಮಿಂದು ಅವರು ಲಿಂಗಪೂಜೆಗೆ ಕೂರಬೇಕಲ್ಲ. ಅದಕ್ಕೂ ದಾರಿ ಅವರೇ ಕಂಡರು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ನೀರು ತುಂಬಿ ಮೊಟ್ಟೆ ಇಡುವುದು, ಡಬ್ಬಿಗೆ ಹಗ್ಗ ಕಟ್ಟಿ ಹಂಡೆಗೆ ಇಳಿಸುವುದು. "ಮೊಟ್ಟೆಗೂ ಹಂಡೆ ನೀರಿಗೂ ಮಾತಿಲ್ಲ ಕತೆಯಿಲ್ಲ," ಅಂದರು.

ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಿಂದ ಉದ್ದನೆಯ ಗಾಜಿನ ಥರ್ಮಾಮೀಟರ್ ಒಂದನ್ನು ತಂದುಕೊಟ್ಟೆ. ಅದಕ್ಕೆ ಅವರು ಇಟ್ಟ ಹೆಸರು ನೀರಿನ ಜ್ವರದ ಕಡ್ಡಿ. ನಾನು ಡ್ಯೂಟಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದರೆ ಹಿತ್ತಲಿನಿಂದ ಕೂಗು ಬರುತ್ತಿತ್ತು.

"ಜ್ವರ ಏರೈತವ್ವ, ಏನು ಮಾಡ್ಲಿ?"

"ಒಂದು ಚೊಂಬು ತಣ್ಣೀರು ಹಾಕ್ರಿ ಅಮ್ಮಾರೆ."

"ಈಗ ಇಳೀತು ನೋಡು."

"ಎರಡು ಹಿಡಿ ಸಿಪ್ಪೆ ತಳ್ಳ್ರಿ."

ಮೊದಲ ದಿನ ಮೊಟ್ಟೆ ಡಬ್ಬಿಗೆ ಹೋಗುವ ಮುಂಚೆ ಅವರು ಮಾಡಿದ ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎರಡು ಮೊಟ್ಟೆಯನ್ನೂ ತೊಳೆದು, ಸೆರಗಿನಿಂದ ಒರೆಸಿ, ಒಂದೊಂದರ ಮೇಲೂ ಮೂರು ಬೆರಳಿನಿಂದ ವಿಭೂತಿ ಎಳೆದರು. ನಾನು ನೋಡುತ್ತಿರುವುದು ತಿಳಿದು, "ಹುಟ್ಟಾಕೂ ಮುಂಚೆ ಹೊಂಟೈತೆ, ಇಷ್ಟಾದ್ರೂ ಇರ್ಲಿ," ಅಂದರು. ಮಾಂಸ ತಿಂದು ಬೆಳೆದ ನಾನು ಒಂದು ಮೊಟ್ಟೆಗೆ ಯಾರೂ ಹಾಗೆ ವಿದಾಯ ಹೇಳಿದ್ದನ್ನು ಕಂಡಿರಲಿಲ್ಲ.

ಆ ಮೊದಲ ಮೊಟ್ಟೆ ಯಜಮಾನರ ಬಾಯಿಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವರಿಗೆ ಸಿಪ್ಪೆ ತೆಗೆಯುವುದು ಹೇಗೆ ಗೊತ್ತಿರಬೇಕು? ಬೆಂದ ಆಲೂಗಡ್ಡೆ ಸುಲಿಯುವ ಹಾಗೆ ನಲ್ಲಿಯ ಕೆಳಗೆ ಹಿಡಿದು ಸುಲಿಯಲು ಹೋದರು. ಮೆತ್ತಗಿನ ಮೊಟ್ಟೆ ಬೆರಳ ಸಂದಿಯಿಂದ ಜಾರಿ ಬಚ್ಚಲ ತೂಬಿನೊಳಗೆ ಹೋಗಿಬಿಟ್ಟಿತು. ನಾನು ಓಡಿಬಂದಾಗ ಅವರು ತೂಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದರು. ಗಂಡನ ಆಪರೇಷನ್ ದಿನವೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

"ಯಾರ ಹೊಟ್ಟೆಗೂ ಆಗಲಿಲ್ಲ. ಒಂದು ಜೀವ ಸುಮ್ನೆ ಹೋತು," ಅಂದರು.

ಉಳಿದ ಇನ್ನೊಂದನ್ನು ನಾನು ಬಟ್ಟಲಿನ ಅಂಚಿಗೆ ತಟ್ಟಿ ಒಡೆದು ತೋರಿಸಿದೆ. ಮೇಲೆ ಉಪ್ಪು, ಒಂದು ಚಿಟಿಕೆ ಮೆಣಸಿನ ಪುಡಿ ಹಾಕಲು ಹೋದೆ. ಖಾರ ಆಗುವುದಿಲ್ಲ ಅಂತ ಅವರು ಕೈ ಹಿಡಿದರು. ಬಟ್ಟಲು, ಚಮಚ ಹಿಡಿದು ಪಡಸಾಲೆಗೆ ಹೋದರು. ನಾನು ಬಾಗಿಲ ಬಳಿ ನಿಂತೆ.

ಯಜಮಾನರು ಬಟ್ಟಲಿನೊಳಗೆ ನೋಡಿದರು. ಅವರಿಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ, ಓನರಮ್ಮ ಹಿಂದಿನ ದಿನವೇ ಹೇಳಿದ್ದರು. ಮಾತು ಬರದ ಬಾಯಿಂದ ಏನೋ ಅಂದು, ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಅಂಗೈಯಿಂದ ಮುಚ್ಚಿಕೊಂಡರು. ಲಿಂಗ ನೋಡಬಾರದು ಅಂತಿರಬೇಕು. ಕಣ್ಣಲ್ಲಿ ನೀರಿತ್ತು. ತಲೆ ಇಲ್ಲ ಇಲ್ಲ ಅಂತ ಆಡುತ್ತಿತ್ತು.

ಓನರಮ್ಮ ಮಂಚದ ಅಂಚಿಗೆ ಕೂತರು. "ರೀ, ನೋಡ್ರಿ ಇಲ್ಲಿ. ಮೊದ್ಲು ನಾನು ತಿಂತೀನಿ. ಪಾಪ ಅಂತ ಇದ್ರೆ ಇಬ್ರಿಗೂ ಇರ್ಲಿ. ನೀವು ಒಬ್ರೇ ಯಾಕೆ ಹೊರ್ತೀರಿ?"

ಚಮಚ ತುಂಬಿಸಿ ತಮ್ಮ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಹೊಟ್ಟೆಯಿಂದ ಒತ್ತರಿಸಿ ಬಂದದ್ದನ್ನು ಇನ್ನೊಂದು ಕೈಯಿಂದ ಬಾಯಿ ಅದುಮಿ ತಡೆದರು. ನುಂಗಿದರು. ಇಡೀ ಆಯುಷ್ಯ ಕಾಪಾಡಿಕೊಂಡು ಬಂದದ್ದು ಒಂದು ಚಮಚಕ್ಕೆ ಮುಗಿದುಹೋಯಿತು. ಆಮೇಲೆ ಎರಡನೆಯ ಚಮಚವನ್ನು ಗಂಡನ ತುಟಿಯ ಹತ್ತಿರ ಹಿಡಿದರು. ಯಜಮಾನರು ಬಹಳ ಹೊತ್ತು ಹೆಂಡತಿಯ ಮುಖವನ್ನೇ ನೋಡಿ, ಕರಡಿಗೆಯ ಮೇಲಿನ ಕೈ ತೆಗೆಯದೆ, ಬಾಯಿ ತೆರೆದರು. ಓನರಮ್ಮ ಅವರ ಮುಖ ನೋಡಲಿಲ್ಲ, ಗಂಟಲು ನೋಡುತ್ತಿದ್ದರು. ಗಂಟಲಗಂಟು ಮೇಲೆದ್ದು ಕೆಳಗಿಳಿದ ಮೇಲೆಯೇ ಮುಂದಿನ ಚಮಚ.

ಅಲ್ಲಿಂದ ಮುಂದೆ ದಿನಾ ಹಾಗೆಯೇ ನಡೆಯಿತು, ಮೊದಲ ಚಮಚ ಅವರಿಗೆ, ಉಳಿದದ್ದು ಗಂಡನಿಗೆ. ಒಡೆದ ಸಿಪ್ಪೆಯನ್ನು ಕೂಡ ಎಸೆಯದೆ ಪುಡಿಮಾಡಿ ಕರಿಬೇವಿನ ಬುಡಕ್ಕೆ ಹಾಕುತ್ತಿದ್ದರು. ಯಜಮಾನರ ತೂಕ ನಿಂತಿತು, ಸ್ವಲ್ಪ ಏರಿತು. ಕರೆಂಟ್ ಪೂರ್ತಿಯಾಯಿತು. ಒಂದು ಮಳೆಗಾಲ, ಒಂದು ಬೇಸಿಗೆ ಅವರು ಅಂಗಳದ ಕುರ್ಚಿಯಲ್ಲಿ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ ತಲೆಯಾಡಿಸುವಷ್ಟು ಚೇತರಿಸಿಕೊಂಡಿದ್ದರು. ಆಮೇಲೆ ಹುಣ್ಣು ಇನ್ನೊಂದು ಕಡೆ ಕಾಣಿಸಿಕೊಂಡಿತು. ಈ ಸಲ ಡಾಕ್ಟರು ಏನನ್ನೂ ಕೊಡಿ ಅನ್ನಲಿಲ್ಲ. ಯಜಮಾನರು ತೀರಿಹೋದರು.

ಶಿವಗಣಾರಾಧನೆಯ ದಿನ ಹೊನ್ನಾಳಿಯಿಂದ ಮಗಳು, ನ್ಯಾಮತಿಯಿಂದ ಯಜಮಾನರ ಅಕ್ಕ ಬಂದಿದ್ದರು. ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೋದ ಆ ಅಕ್ಕ ಬರಿಗೈಯಲ್ಲಿ ವಾಪಸು ಬಂದರು. ಗಿಡದ ಬುಡದ ಬಿಳಿ ಚೂರುಗಳು ಏನೆಂದು ಅವರಿಗೆ ತಿಳಿದಿತ್ತು. ಪಡಸಾಲೆ ತುಂಬ ಜನ ಕೂತಿದ್ದರು.

"ನನ್ನ ತಮ್ಮನಿಗೆ ಇದನ್ನ ತಿನ್ಸಿ ಕಳಿಸಿದ್ಯೇನೆ? ಲಿಂಗ ಕಟ್ಟಿದ ಮೈಗೆ? ಯಾರು ತಂದ್ರು ಇದನ್ನ ಈ ಮನಿಯೊಳಗೆ?"

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ತಿರುಗದೆ ಇನ್ನೆಲ್ಲಿಗೆ ಹೋದೀತು? ಆ ಮನೆಯಲ್ಲಿ ತಿನ್ನುವವಳು ನಾನೊಬ್ಬಳೇ. ನಾನು ಹೇಳಿಬಿಡೋಣವೆಂದು ಒಂದು ಹೆಜ್ಜೆ ಮುಂದೆ ಬಂದೆ. ಓನರಮ್ಮ ನನ್ನನ್ನು ನೋಡದೆಯೇ, "ನೀನು ಡ್ಯೂಟಿಗೆ ಹೋಗವ್ವ, ಟೈಮಾತು," ಅಂದರು. ಆಮೇಲೆ ಗಂಡನ ಅಕ್ಕನ ಕಡೆ ತಿರುಗಿ, "ತಂದಾಕಿ ನಾನು. ಬೇಯ್ಸಿದಾಕಿ ನಾನು. ತಿಂದಾಕಿನೂ ನಾನು. ಅವರು ನನ್ನ ಮಾತಿಗೆ ಬಾಯಿ ತೆಗೆದ್ರು ಅಷ್ಟೇ. ನನ್ನ ಕೇಳ್ರಿ," ಅಂದರು.

ಆ ಅಕ್ಕ ಉಣ್ಣದೆ ಎದ್ದು ಹೋದರು. ಅವರ ಹಿಂದೆ ಇನ್ನೂ ಕೆಲವರು. ಪಾಯಸ ಮಿಕ್ಕಿತ್ತು, ಸುಮ್ಮನೆ ಹೋಗಬಾರದೆಂದು ಓನರಮ್ಮ ಸಂಜೆ ಅದನ್ನು ಓಣಿಯ ಮನೆಮನೆಗೆ ಕೊಟ್ಟು ಬಂದರು. ತಗೊಂಡವರೂ ಇದ್ದರು, ಬಾಗಿಲು ತೆರೆಯದವರೂ ಇದ್ದರು. ನನ್ನ ಹೆಸರು ಮಾತ್ರ ಎಂದೂ ಹೊರಗೆ ಬರಲಿಲ್ಲ. ನಾನು ಆ ಊರಿನಲ್ಲಿ ಬಾಡಿಗೆಗೆ ಉಳಿದದ್ದು, ತಲೆಯೆತ್ತಿ ಓಡಾಡಿದ್ದು ಅವರು ಆಡಿದ ಆ ಮಾತಿನಿಂದ.

ಆಮೇಲೆ ಅವರು ಮೊಟ್ಟೆ ಮುಟ್ಟಲಿಲ್ಲ. ಆದರೆ ನನಗೆ ಗೇಟಿನ ನಿಯಮ ಸಡಿಲವಾಯಿತು. "ಬಸ್‌ಸ್ಟ್ಯಾಂಡಿನಾಗೆ ನಿಂತ್ಕಂಡು ಯಾಕೆ ತಿಂತೀಯ? ತಗಂಬಾ, ಹಂಡೆಗೆ ಬಿಡ್ತೀನಿ" ಅನ್ನುತ್ತಿದ್ದರು. ಭಾನುವಾರ ನನ್ನ ಮೊಟ್ಟೆಗಳೂ ವಿಭೂತಿ ಹಚ್ಚಿಕೊಂಡು ಹಂಡೆಗಿಳಿಯುತ್ತಿದ್ದವು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. ಎದೆಯಲ್ಲಿ ನೀರು ತುಂಬಿತ್ತು, ಊಟ ಬಿಟ್ಟಿದ್ದರು. ಮೊಟ್ಟೆ ಕೊಟ್ಟು ನೋಡಿ ಅಂತ ನರ್ಸ್ ಹೇಳಿದ್ದಾರೆಂದು ಮಗಳು ಫೋನು ಮಾಡಿದ್ದಳು. ನಾನು ಅವರದೇ ಹಂಡೆಗೆ ಉರಿ ಹಾಕಿ, ಅದೇ ಡಬ್ಬಿಯಲ್ಲಿ ಎರಡು ಮೊಟ್ಟೆ ಬೇಯಿಸಿ ಮೊದಲ ಬಸ್ಸು ಹಿಡಿದೆ. ಮುಂಚೆ ಹಚ್ಚಿದ ವಿಭೂತಿ ನೀರಿನಲ್ಲಿ ಹೋಗಿರುತ್ತದೆಂದು ಹೊರಡುವಾಗ ಒರೆಸಿ ಮತ್ತೊಮ್ಮೆ ಹಚ್ಚಿದ್ದೆ. ನನ್ನ ಬೆರಳಿಗೆ ಅಭ್ಯಾಸವಿಲ್ಲದ ಕೆಲಸ.

ಡಬ್ಬಿ ತೆರೆದೆ. ಅವರು ನೋಡಿ, "ಬ್ಯಾಡವ್ವ," ಅಂದರು.

"ನಾನು ಮೊದ್ಲು ತಿಂತೀನಿ ಅಮ್ಮಾರೆ. ಆಮೇಲೆ ನೀವು."

ಅವರಿಗೆ ನಗು ಬಂತು, ನಗಲು ಉಸಿರು ಸಾಲಲಿಲ್ಲ. "ನೀನು ತಿಂದ್ರೆ ಏನಾತು? ನೀನು ತಿನ್ನಾಕಿನೇ ಅಲ್ಲೇನು."

ನಿಜ. ಗಂಡನಿಗಾಗಿ ಕಳೆದುಕೊಳ್ಳಲು ಅವರ ಬಳಿ ಒಂದಿತ್ತು, ಅದನ್ನು ಕಳೆದುಕೊಂಡರು. ಅವರಿಗಾಗಿ ಕಳೆದುಕೊಳ್ಳಲು ನನ್ನ ಬಳಿ ಏನೂ ಇರಲಿಲ್ಲ. ಅಷ್ಟು ಬಡವಳು ಅಂತ ನನಗೆ ಎಂದೂ ಅನ್ನಿಸಿರಲಿಲ್ಲ.

ಅವರು ಬೆರಳು ಚಾಚಿ ಒಂದು ಮೊಟ್ಟೆಯ ಮೇಲಿನ ಗೆರೆ ಮುಟ್ಟಿದರು. "ಇದು ನೀನು ಹಚ್ಚಿದ್ದಾ?"

"ಹೂಂ."

"ಸೊಟ್ಟ ಆಗೈತೆ," ಅಂದರು. ಡಬ್ಬಿಯನ್ನು ನನ್ನ ಕಡೆ ಸರಿಸಿ, "ತಿನ್ನು. ಸುಮ್ನೆ ಹೋಗಬಾರ್ದು."

ಸ್ಟೂಲಿನ ಮೇಲೆ ಕೂತು ಎರಡನ್ನೂ ಒಡೆದು ತಿಂದೆ. ಎಷ್ಟೇ ಮೆತ್ತಗಿದ್ದರೂ ಅಳುತ್ತಾ ನುಂಗುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು. ಕೊನೆಯ ಚಮಚ ಇಳಿಯುವವರೆಗೂ ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು.