ಕೊನೆಯ ಗುಂಪಿನ ನಾಲ್ವರು

ಸಿಂದಗಿಯಲ್ಲಿ ಕರೆಂಟನ್ನು ನಂಬಬಹುದಾದದ್ದು ನಸುಕಿನಲ್ಲಿ ಮಾತ್ರ. ಹಾಗಾಗಿ ಕೋಳಿ ಕೂಗುವ ಹೊತ್ತಿಗೇ ಟೈಪಿಸ್ಟ್ ಭಾಗ್ಯಜ್ಯೋತಿಯವರು ಕಣ್ಣಿನ ಶಿಬಿರದ ಕಚೇರಿಯ ಬೀಗ ತೆಗೆದು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಪ್ರಿಂಟರ್ ಕರಕರ ಸದ್ದು ಮಾಡುತ್ತ ಹಾಳೆ ಹೊರಹಾಕುತ್ತದೆ. ಒಂದು ಹಾಳೆಗೆ ಹತ್ತು ಹೆಸರು, ಹತ್ತು ಜನಕ್ಕೆ ಒಂದು ಟ್ರ್ಯಾಕ್ಸ್ ಗಾಡಿ. ಪೊರೆ ತೆಗೆಸಿಕೊಳ್ಳಲು ಹಳ್ಳಿಗಳಿಂದ ವಿಜಾಪುರಕ್ಕೆ ಹೋಗುವವರ ಹೆಸರುಗಳವು.

ಇಂಡಿ ಪಟ್ಟಣದಲ್ಲಿ ಟೈಪಿಂಗ್ ಕಲಿತ ಇವರು ಪ್ರೋಗ್ರಾಂ ಬರೆಯುವುದನ್ನು ಹರಿದ ಪುಸ್ತಕವೊಂದನ್ನು ಓದಿ ತಾವೇ ಕಲಿತವರು. ಕಚೇರಿಯ ಕಾಗದದಲ್ಲಿ ಇಂದಿಗೂ ಇವರು ಬರೀ ಟೈಪಿಸ್ಟ್.

೨೦೦೩ರ ಚಳಿಗಾಲದ ಒಂದು ಬೆಳಿಗ್ಗೆ ಯಂಕಂಚಿ ಹಳ್ಳಿಯ ಗುಂಡವ್ವ ಸೊಸೆಯ ಕೈ ಹಿಡಿದುಕೊಂಡು ಬಾಗಿಲಿಗೆ ಬಂದರು. "ಯವ್ವಾ, ವರ್ಷದ ಮ್ಯಾಲಾತು, ಮೂರ ಸಲ ಹೆಸರ ಬರಿಸೇನಿ. ಎಲ್ಲಾರ್ನೂ ಕರೀತೀರಿ, ನನ್ನ ಯಾಕ ಕರಿಯಂಗಿಲ್ಲ?"

ಭಾಗ್ಯಜ್ಯೋತಿ ಪ್ರೋಗ್ರಾಂ ತೆರೆದು ನೋಡಿದರು. ಅದು ಕಚೇರಿಯವರು ಪೇಟೆಯಲ್ಲಿ ಯಾರಿಂದಲೋ ಬರೆಸಿ ತಂದದ್ದು. ಊರುಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿ, ಹೆಸರುಗಳನ್ನು ಹತ್ತು ಹತ್ತಾಗಿ ಎತ್ತಿಕೊಳ್ಳುತ್ತ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪ್ ಸುತ್ತುತ್ತಿತ್ತು. ಕೊನೆಗೆ ಹತ್ತಕ್ಕಿಂತ ಕಡಿಮೆ ಉಳಿದರೆ ಅವರನ್ನು ಬಿಟ್ಟು ಅಲ್ಲಿಗೇ ನಿಲ್ಲುತ್ತಿತ್ತು. ಆ ಕ್ರಮದಲ್ಲಿ 'ವೈ' ಅಕ್ಷರದ ಯಂಕಂಚಿ ಪ್ರತಿ ಸಲವೂ ಕೊನೆ. ಗುಂಡವ್ವ ಮತ್ತು ಅದೇ ಊರಿನ ಇನ್ನು ಮೂವರು ಯಾವ ಹಾಳೆಯಲ್ಲೂ ಬಂದೇ ಇರಲಿಲ್ಲ.

ಮೈಯೆಲ್ಲ ಉರಿದುಹೋಗಿ ಭಾಗ್ಯಜ್ಯೋತಿ ಶಿಬಿರದ ಕಾರ್ಯದರ್ಶಿ ಶ್ರೀಶೈಲರ ಎದುರು ನಿಂತು, ಯಾಕೆ ಹೀಗೆ ಎಂದು ಕೇಳಿದರು.

"ನಾಕ ಮಂದಿಗಿ ಗಾಡಿ ಕಳಸಾಕ ಆಗ್ತೈತೇನ? ನಾನ ಹಂಗ ಬರಸೇನಿ. ಮುಂದಿನ ಸಲ ನೋಡೂಣು ತಗೋ" ಎಂದರು ಶ್ರೀಶೈಲ.

"ಆ ಮುಂದಿನ ಸಲ ಮೂರ ಸಲ ಬಂದು ಹೋತ್ರಿ, ಸರ!"

ಭಾಗ್ಯಜ್ಯೋತಿ ಅಂದೇ ಲೂಪ್ ತಿದ್ದಿದರು. ನಾಲ್ವರೇ ಉಳಿಯಲಿ, ಒಬ್ಬರೇ ಉಳಿಯಲಿ, ಅವರದೂ ಒಂದು ಗುಂಪು. ಹಾಳೆ ಬಂತು, ಗಾಡಿ ಬರಲಿಲ್ಲ. ತಾವೇ ಯಂಕಂಚಿಗೆ ಹೋಗಿ ನಾಲ್ವರನ್ನೂ ಸರ್ಕಾರಿ ಬಸ್ಸಿನಲ್ಲಿ ವಿಜಾಪುರಕ್ಕೆ ಕರೆದೊಯ್ದರು. ಮೂವರಿಗೆ ಕಣ್ಣು ಚೆನ್ನಾಗಿ ಕಂಡಿತು. ಗುಂಡವ್ವನಿಗೆ ದಕ್ಕಿದ್ದು ಎಡಗಣ್ಣೊಂದೇ. ಬಲಗಣ್ಣು ನೋಡಿದ ಡಾಕ್ಟರು, "ವರ್ಷದ ಹಿಂದ ಬರಬೇಕಿತ್ತು" ಎಂದರು.

ಇದನ್ನು ಹೇಳುವಾಗ ಭಾಗ್ಯಜ್ಯೋತಿಯವರಿಗೆ ಇಂದಿಗೂ ಸಿಟ್ಟು ಬರುತ್ತದೆ. "ಆ ಕಣ್ಣ ಹೋಗಿದ್ದಕ್ಕ ಯಾರ ಹೊಣಿ ಅಂತ ಕೇಳಿದ್ರ ಎಲ್ಲಾರೂ ಕಂಪ್ಯೂಟರಿಗಿ ಬೊಟ್ಟ ಮಾಡ್ತಾರ. ಅದಕ್ಕೇನ ಗೊತ್ರೀ? ಹೇಳಿದ್ದು ಮಾಡ್ತೈತಿ. ಹೇಳಿದವ್ರು ಮನಷ್ಯಾರ ಅದಾರಲ್ಲ!"

ಹಳೆಯ ಪ್ರೋಗ್ರಾಂ ಅನ್ನೇ ಹಾಕೆಂದು ಶ್ರೀಶೈಲ ಎರಡು ನೋಟಿಸು ಕೊಟ್ಟಿದ್ದಾರೆ. ಭಾಗ್ಯಜ್ಯೋತಿ ಹಾಕಿಲ್ಲ.

"ಈಗ ಒಬ್ಬರು ಉಳದ್ರೂ ಒಂದು ಹಾಳಿ ಹೊರಗ ಬರತೈತ್ರಿ. ಗಾಡಿ ಇಲ್ಲ ಅನ್ನೂದಿದ್ರ, ಆ ಒಬ್ಬರ ಮಾರಿ ನೋಡಿ ಹೇಳ್ಲಿ."