ಬಾಳೆಹಣ್ಣು, ಒಣಮೀನು ಮತ್ತು ಅಡುಗೆಮನೆಯ ಎಲೆ

ಬಾಳೆಹಣ್ಣಿಗೆ ಒಣಮೀನು ಕಲಸುವವರು ಈ ಲೋಕದಲ್ಲಿ ನಾವು ಮಾತ್ರ ಅಂತ ನಾನು ತಿಳಿದಿದ್ದೆ. ತಿನ್ನಲಿಕ್ಕಲ್ಲ ದೇವರೇ, ಬಡಿಸಲಿಕ್ಕೆ. ಐವರ್ನಾಡಿನ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದ ಮೊದಲ ಆಟಿ ತಿಂಗಳು, ಜಡಿಮಳೆಯ ಕಾಲ. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ. ಅತ್ತೆ ನನ್ನ ಕೈಗೆ ಕೆಂಡದಲ್ಲಿ ಸುಟ್ಟ ಒಣಮೀನು, ಸಿಪ್ಪೆ ಕಪ್ಪಾದ ಬಾಳೆಹಣ್ಣು ಕೊಟ್ಟು, "ಎರಡನ್ನೂ ಹಿಚುಕಿ ಕಲಸು" ಅಂದರು. ಹೊಸ ಸೊಸೆಯನ್ನು ಗೋಳು ಹೊಯ್ದುಕೊಳ್ಳುದು ಅಂತಲೇ ನನಗೆ ಅನಿಸಿತು.

ಚಾವಡಿಯಲ್ಲಿ ಗಂಡಸರು ಸಾಲಾಗಿ ಎಲೆ ಹಾಕಿ, ಕೋಳಿ ಸಾರು ರೊಟ್ಟಿ ಬಡಿಸಿ, ಹಿರಿಯರನ್ನು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಅದು ನಮ್ಮವರ ಎಲ್ಲ ಮನೆಯಲ್ಲೂ ಉಂಟು. ನಮ್ಮಲ್ಲಿ ಮಾತ್ರ ಅದೇ ಹೊತ್ತಿಗೆ ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಇನ್ನೊಂದು ಎಲೆ. ಅದನ್ನು ಸೊಸೆಯಂದಿರೇ ಹಾಕಬೇಕು. ಅನ್ನ, ಅದರ ಮೇಲೆ ಈ ವಿಚಿತ್ರ ಕಲಸು, ಪಕ್ಕದಲ್ಲಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಯಾರಿಗೆ ಇದು ಅಂತ ಕೇಳಿದ್ದಕ್ಕೆ ಅತ್ತೆ, "ನನ್ನ ಅತ್ತೆ ನನಗೆ ಹೇಳಿದ್ದು, ನಾನು ನಿನಗೆ ಹೇಳಿದ್ದು. ಸುಮ್ಮನೆ ಹಾಕು ಮಾರಾಯ್ತಿ" ಅಂದುಬಿಟ್ಟರು. ಮರುದಿನ ಆ ಎಲೆಯನ್ನು ಹಾಗೆಯೇ ಎತ್ತಿ ಕಾಗೆಗಳಿಗೆ ಇಟ್ಟು ಬರುದು. ಬಾಯಿಗಿಡುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆ ಹೋದ ಮೇಲೂ ನಾನು ಹಾಕುತ್ತಲೇ ಬಂದೆ, ಬೈಯುತ್ತಲೇ ಹಾಕಿದೆ.

ಇತ್ತೀಚೆಗೆ ನನ್ನ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ವಂಶವೃಕ್ಷದ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ಮೊಬೈಲಿನಲ್ಲಿ ನೋಡಿದ ಒಂದು ಇಂಗ್ಲಿಷ್ ರೈತ ಕುಟುಂಬದ ಕಥೆ. ನೂರಾರು ವರ್ಷಗಳ ಹಿಂದಿನವರು, ದೊಡ್ಡ ಮನುಷ್ಯರೇನಲ್ಲ. ಒಂದಿಷ್ಟು ಗೋಧಿ ಗದ್ದೆ, ಕುರಿ, ಹಸು, ಅಷ್ಟೇ. ಆದರೆ ಅವರ ಹುಟ್ಟು, ಮದುವೆ, ಸಾವು ಎಲ್ಲ ಚರ್ಚಿನಲ್ಲಿ ಬರೆದಿಟ್ಟದ್ದು ಉಂಟಂತೆ. ಅದನ್ನೇ ಹಿಡಿದುಕೊಂಡು ಯಾರೋ ಪುಣ್ಯಾತ್ಮರು ಹಿಂದಕ್ಕೂ ಹುಡುಕಿ, ಮುಂದಕ್ಕೂ ಹುಡುಕಿ, ಇವತ್ತು ಆಸ್ಟ್ರೇಲಿಯಾದಲ್ಲಿ ಬಸ್ಸು ಬಿಡುವ ಮರಿಮೊಮ್ಮಗನವರೆಗೆ ತಲುಪಿದ್ದಾರೆ. ನಾನೂ ನೋಡಿದೆ, ನೋಡಿ ಬೆರಗಾದೆ. ಕುರಿ ಕಾಯ್ದವನ ಮೂಗು ಬಸ್ಸಿನವನ ಮುಖದಲ್ಲಿ ಉಂಟೋ ಏನೋ ಅಂತ ತುಂಬ ಹೊತ್ತು ಯೋಚಿಸಿದೆ.

ಒಂದು ಸಂಗತಿ ಮಾತ್ರ ಕಣ್ಣಿಗೆ ಚುಚ್ಚಿತು. ಗಂಡಸರಿಗೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಇದ್ದರು. ಹಳೇ ಕಾಲದ ಹೆಂಡತಿಯರಿಗೆ ಒಂದು ಹೆಸರು, ಅದರ ಹಿಂದೆ ಖಾಲಿ ಜಾಗ. ಎಲ್ಲಿಂದ ಬಂದಳೋ ಯಾರಿಗೂ ಗೊತ್ತಿಲ್ಲ.

"ಅವರಿಗೆ ಚರ್ಚು ಉಂಟು, ನಮಗೆ ಎಂತ ಉಂಟು?" ಅಂತ ಭಾವ ನೆಲ್ಯಾಡಿ, ಪುತ್ತೂರು, ಕಡಬ ಎಲ್ಲ ತಿರುಗಿ ಹಿರಿಯರನ್ನು ಕೇಳಿ ಕೇಳಿ ಒಂದು ಮರ ಮಾಡಿದರು. ಫ್ಲೆಕ್ಸ್ ಮಾಡಿಸಿ ಮೂಲಮನೆಯಾದ ನಮ್ಮ ಈ ಮನೆಯ ಚಾವಡಿಯಲ್ಲಿ ತೂಗುಹಾಕಿದರು. ಕೊಂಬೆ ತುಂಬ ಗಂಡಸರು! "ಇದೆಂತ ಭಾವ, ಇವರೆಲ್ಲ ಗೆಣಸಿನ ಹಾಗೆ ನೆಲದಿಂದ ಎದ್ದು ಬಂದದ್ದಾ?" ಅಂದೆ. ಭಾವ ನಗಲಿಲ್ಲ. ನನ್ನ ಗಂಡ ಅಣ್ಣನ ಎದುರು ಬಾಯಿ ಬಿಡುವವರಲ್ಲ, ಗೋಡೆ ನೋಡಿದರು.

ಅದೇ ವರ್ಷ ಮಗಳಿಗೆ ಮದುವೆ ನಿಶ್ಚಯವಾಗುವುದರಲ್ಲಿತ್ತು. ಅವಳು ಉಪ್ಪಿನಂಗಡಿಯಲ್ಲಿ ಟೀಚರು. ಹುಡುಗ ಕಡಬದ ಕಡೆಯವನು, ಅರೆಭಾಷೆ ಮಾತಾಡುವ ನಮ್ಮವನೇ, ಜೇನುಪೆಟ್ಟಿಗೆ ಮಾಡಿ ಮಾರುವವನು. ಅವಳೇ ನೋಡಿ ಮೆಚ್ಚಿದ್ದು. ನಮ್ಮಲ್ಲಿ ಬಳಿ ಅಂತ ಉಂಟು, ಅಪ್ಪನಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ಬಳಿಯವರು ಅಣ್ಣ ತಂಗಿಯ ಲೆಕ್ಕ, ಮದುವೆ ಇಲ್ಲ. ಅವರ ಬಳಿ ಬೇರೆ, ನಮ್ಮದು ಬೇರೆ. ಭಾವನೂ ಒಪ್ಪಿದರು. ದೀಪಾವಳಿಗೆ ಮನೆ ನೋಡಲಿಕ್ಕೆ ಬನ್ನಿ ಅಂತ ಕರೆ ಬಂತು.

ಅವರಲ್ಲಿ ಹಿರಿಯರಿಗೆ ಬಡಿಸುವುದು ದೀಪಾವಳಿಗೆ. ನಾವು ಹೋದಾಗ ಅದರ ತಯಾರಿ ನಡೆದಿತ್ತು. ಸಹಾಯಕ್ಕೆ ಅಂತ ಅಡುಗೆಮನೆಗೆ ಕಾಲಿಟ್ಟೆ. ಹುಡುಗನ ತಾಯಿ ಒಲೆಯ ಪಕ್ಕ ಕೂತು ಬಟ್ಟಲಿನಲ್ಲಿ ಏನನ್ನೋ ಹಿಚುಕುತ್ತಿದ್ದರು. ಸುಟ್ಟ ಒಣಮೀನಿನ ವಾಸನೆ. ಬಟ್ಟಲಿನ ಪಕ್ಕ ಬಾಳೆಹಣ್ಣಿನ ಸಿಪ್ಪೆ.

"ಇದು ಯಾರಿಗೆ?" ಅಂದೆ. "ಯಾರಿಗೋ ಗೊತ್ತಿಲ್ಲ, ಅತ್ತೆ ಹೇಳಿಕೊಟ್ಟದ್ದು" ಅಂದರು. ಅಲ್ಲಿ ನಿಲ್ಲಲಿಕ್ಕೆ ಆಗಲಿಲ್ಲ. ಓಡಿ ಹೊರಗೆ ಬಂದು, ಜಗಲಿಯಲ್ಲಿ ಕೂತಿದ್ದ ಭಾವನಿಗೆ ಎಲ್ಲರ ಎದುರೇ ಹೇಳಿಬಿಟ್ಟೆ. ಸಂತೋಷಕ್ಕೇ ಹೇಳಿದ್ದು ನಾನು!

ಭಾವನ ಮುಖ ಸಣ್ಣದಾಯಿತು. ಮನೆಗೆ ಬಂದ ಮೇಲೆ ಅಂದರು, "ಇದು ಒಂದೇ ಮನೆಯ ಕ್ರಮ. ಹಿಂದೆ ಅಣ್ಣ ತಮ್ಮ ಜಗಳ ಮಾಡಿ ಬೇರೆಯಾಗಿರಬೇಕು. ಹೋದವನು ಬಳಿ ಬದಲಿಸಿಕೊಂಡಿರಬೇಕು. ಇವರಿಬ್ಬರು ಅಣ್ಣ ತಂಗಿ ಆಗ್ತಾರೆ. ಈ ಮದುವೆ ಆಗುದಿಲ್ಲ."

ಮಗಳು ಕೇಳಿಸಿಕೊಂಡು ಒಳಗೆ ಹೋದಳು. ಅಳಲಿಲ್ಲ, ಅದೇ ನನಗೆ ಹೆದರಿಕೆ. ಎರಡು ದಿನ ಚಾ ಮಾತ್ರ ಕುಡಿದಳು. ನನಗೆ ಆ ಎಲೆಯ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ಬಡಿಸಿದ್ದಕ್ಕೆ ನನ್ನ ಮಗಳ ಅನ್ನಕ್ಕೇ ಕಲ್ಲು ಹಾಕಿದೆಯಲ್ಲ ತಾಯಿ, ಯಾರು ನೀನು, ಅಂತ ಒಲೆಯ ಎದುರು ನಿಂತು ಕೇಳಿದೆ. ಕೇಳಿದ ಮೇಲೆ ಅನಿಸಿತು, ಕೇಳಬೇಕಾದ್ದು ಇಲ್ಲಿ ಅಲ್ಲ.

ಯಾರಿಗೂ ಹೇಳದೆ ಬಸ್ಸು ಹತ್ತಿ ಕಡಬಕ್ಕೆ ಹೋದೆ. ಹುಡುಗನ ಅಜ್ಜಿ, ಆ ಎಲೆ ಹೇಳಿಕೊಟ್ಟ ಅತ್ತೆ, ಬಾಗಿಲಿಗೇ ಬಂದು, ನಮ್ಮೂರಿನ ಕ್ರಮದಂತೆ, ಕುಡಿಯಲಿಕ್ಕೆ ನೀರು, ಒಂದು ತುಂಡು ಬೆಲ್ಲ ಕೊಟ್ಟರು. ನಾನು ಕುಡಿಯಲಿಲ್ಲ. "ಮೊದಲು ಹೇಳಿ, ಒಲೆಯ ಪಕ್ಕದ ಎಲೆಗೆ ನೀವು ಎಂತೆಂತ ಇಡುದು?"

"ಅನ್ನ, ಬಾಳೆಹಣ್ಣು ಮೀನು. ಬಲಗಡೆಗೆ ಒಂದು ಸೌಟು."

"ಸೌಟಾ? ನೀರು, ಬೆಲ್ಲ ಇಡುದಿಲ್ವಾ?"

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಂತ ಹೇಳ್ತೀ ಮಗಾ? ಬೆಲ್ಲ ನೀರು ಹೊರಗಿಂದ ಬಂದವರಿಗೆ ಕೊಡುದಲ್ವಾ? ಅವಳು ಮನೆಯ ಯಜಮಾನ್ತಿ. ಬಡಿಸುವವಳು ಅವಳೇ. ಅವಳಿಗೆ ಸೌಟು."

ನಾನು ಕೈಯಲ್ಲಿದ್ದ ಬೆಲ್ಲವನ್ನೇ ನೋಡಿದೆ. ಚಾವಡಿಯ ಹಿರಿಯರಿಗೆ ನಾವು ಬೆಲ್ಲ ಇಡುದಿಲ್ಲ. ಅವರು ಮನೆಯಲ್ಲೇ ಇರುವವರು. ಅಡುಗೆಮನೆಯ ಎಲೆಗೆ ಮಾತ್ರ ಇಡುದು. ಅಂದರೆ ಅವಳು ನಡೆದು ಬಂದು ದಣಿದವಳು, ತವರಿಗೆ ಬಂದ ಮಗಳು. ಅದೇ ಹೆಣ್ಣು ಇಲ್ಲಿ ಯಜಮಾನ್ತಿ! ಎಷ್ಟು ವರ್ಷ ಆ ಬೆಲ್ಲವನ್ನು ನನ್ನ ಕೈಯಾರೆ ಇಟ್ಟೆ, ಒಮ್ಮೆಯೂ ಹೊಳೆಯಲಿಲ್ಲವಲ್ಲ ಅಂತ ಹಣೆ ಚಚ್ಚಿಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೂ ಬಿಟ್ಟೆ. ಅಜ್ಜಿಗೆ ಗಾಬರಿ.

ಭಾವನಿಗೆ ಬಂದು ಹೇಳಿದೆ. "ಮನೆ ಪಾಲಾದದ್ದಲ್ಲ ಭಾವ, ಅಣ್ಣ ತಮ್ಮ ಅಲ್ಲ. ಈ ಮನೆಯ ಹುಡುಗಿಯನ್ನು ಆ ಮನೆಗೆ ಕೊಟ್ಟದ್ದು. ಅವಳ ಮಕ್ಕಳಿಗೆ ಗಂಡನ ಬಳಿ. ಬಳಿ ಎರಡೇ, ಮದುವೆಗೆ ಅಡ್ಡಿ ಎಲ್ಲಿ ಉಂಟು?" ನನ್ನ ಗಂಡ, ದೊಡ್ಡ ಆಶ್ಚರ್ಯ, "ಅವಳು ಹೇಳುದು ಸರಿ ಉಂಟಣ್ಣ" ಅಂದರು. ಭಾವ ಎದ್ದು ಫ್ಲೆಕ್ಸಿನ ಎದುರು ನಿಂತು, ಆ ಹುಡುಗಿ ಯಾವ ಕೊಂಬೆಯಲ್ಲಿ ಅಂತ ಬೆರಳಿಟ್ಟು ಹುಡುಕಿದರು. ಜಾಗ ಸಿಗಲಿಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, "ಮದುವೆಗೆ ದಿನ ನೋಡುವ" ಅಂದರು.

ಆ ರಾತ್ರಿ ಮಗಳು ಉಂಡಳು. ನನಗೆ ಮಾತ್ರ ಅನ್ನ ಇಳಿಯಲಿಲ್ಲ, ಅಷ್ಟು ಬೆರಗು. ಆ ಎಲೆಯವಳ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಗೊತ್ತಿರುವುದು ನಾಲಿಗೆಯ ಒಂದು ಚಪಲ ಮಾತ್ರ. ಅದನ್ನು ಇಲ್ಲಿಯವರೆಗೆ ತಂದದ್ದು ಅವಳ ರಕ್ತದವರೂ ಅಲ್ಲ. ನಾನು ಬೇರೆ ಮನೆಯಿಂದ ಬಂದವಳು, ನನ್ನ ಅತ್ತೆ ಇನ್ನೊಂದು ಮನೆಯವರು, ಕಡಬದ ಅಜ್ಜಿಯೂ ಹಾಗೆಯೇ. ಯಾರದೋ ಮನೆಯ ಹೆಣ್ಣುಮಕ್ಕಳು, ಕಾಣದ ಒಬ್ಬಳಿಗಾಗಿ, ಮೂಗು ಮುಚ್ಚಿಕೊಂಡು ಬಾಳೆಹಣ್ಣಿಗೆ ಮೀನು ಕಲಸಿಕೊಂಡೇ ಬಂದದ್ದು. ಯಾವ ಚರ್ಚು ಇಷ್ಟು ನೆನಪಿಟ್ಟೀತು ಮಾರಾಯ್ರೆ!

ಮದುವೆ ಚೆನ್ನಾಗಿ ಆಯಿತು. ಹೊಸ ಮದುಮಗಳು ಆಟಿಯಲ್ಲಿ ತವರಿಗೆ ಬಂದು ಕೂರುವ ಕ್ರಮ ನಮ್ಮದು. ಮಗಳು ಬಂದಳು. ಬಾಗಿಲಲ್ಲಿ ಅವಳಿಗೆ ಚೊಂಬಿನಲ್ಲಿ ನೀರು, ಬೆಲ್ಲ ಕೊಟ್ಟೆ. ಹಿರಿಯರಿಗೆ ಬಡಿಸುವ ದಿನ ಅದೇ ಚೊಂಬನ್ನು ತೊಳೆದು ಒಲೆಯ ಪಕ್ಕ ಇಟ್ಟೆ. ಮಗಳು ನೋಡುತ್ತಾ ಕೂತಿದ್ದಳು.

"ಅಮ್ಮ, ಮುಂದೆ ಒಂದು ದಿನ ನನಗೂ ಇಲ್ಲಿ ಬೆಲ್ಲ ಇಡ್ತಾರಾ?"

"ಬಿಡ್ತು ಅನ್ನು! ಬಾಯಲ್ಲಿ ಒಳ್ಳೆಯದು ಬರುದಿಲ್ವಾ ನಿನಗೆ?" ಅಂತ ಗದರಿದೆ.

ಮರುದಿನ ಎಲೆ ಎತ್ತಿ ಕಾಗೆಗೆ ಇಡಲು ಹೊರಟೆ. ಮಗಳು ಕೈ ಹಿಡಿದು ನಿಲ್ಲಿಸಿ, ಎಲೆಯಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟಳು. ನಾನು ಅಯ್ಯೋ ಅನ್ನುವುದರೊಳಗೆ ಇನ್ನೊಂದು. ಕಣ್ಣರಳಿಸಿ, "ಅಮ್ಮ, ಇದು ರುಚಿ ಉಂಟು!" ಅಂದಳು. ಅಲ್ಲೇ ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಎಲೆ ಪೂರ್ತಿ ಬಳಿದು ತಿಂದಳು.

ನಾನು ಸೌಟು ಹಿಡಿದುಕೊಂಡು, "ಇನ್ನೂ ಸ್ವಲ್ಪ ಅನ್ನ ಹಾಕಲಾ ಮಗಾ?" ಅಂತ ಕೇಳಿದೆ.