ಅಕ್ಕನಿಗೆ ನಾನು ಮಾರಿದ ಪುಡಿ

ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರ ಜಂಪರು, ಮಕ್ಕಳ ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಅಂಗಡಿಯ ಒಂದು ಕಪಾಟಿನಲ್ಲಿ ಬಟ್ಟೆಗಳ ಬದಲು ತೂಕ ಇಳಿಸುವ ಪುಡಿಯ ಡಬ್ಬಿಗಳಿದ್ದವು. ಅವನ್ನು ಮಾರುತ್ತಿದ್ದವಳು ನಾನೇ. ಅದನ್ನು ಮುಚ್ಚಿಟ್ಟು ನನ್ನ ಅಕ್ಕನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನು ಎರಡನೇ ಇಯತ್ತೆಯಲ್ಲಿದ್ದೆ. ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ನನ್ನನ್ನು ಶಾಲೆಗೆ ಕಳಿಸಿದವಳು ಅವಳೇ. ಸವದತ್ತಿಗೆ ಮದುವೆಯಾಗಿ ಹೋದ ಮೇಲೆ ಅಲ್ಲಿಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ದೊಡ್ಡ ಪಾತ್ರೆಯ ಮುಂದೆ ನಿಂತು ಸಾರು ಕಲಕುವುದೆಂದರೆ ಅವಳಿಗೆ ಖುಷಿ. ರಜೆ ಬಂದರೆ ಮನೆಯಲ್ಲಿ ಕೈಕಾಲು ಆಡುವುದಿಲ್ಲ ಅನ್ನುತ್ತಿದ್ದಳು.

ಎರಡನೆಯ ಮಗಳು ಹುಟ್ಟಿದ ಮೇಲೆ ಅವಳ ಮೈ ಬೆಳೆಯಿತು. ಮೊಣಕಾಲು ನೋವು ಶುರುವಾಯಿತು. ಮೊದಲು ಮೂರು ಜನರ ಕೆಲಸ ಒಬ್ಬಳೇ ಮಾಡುತ್ತಿದ್ದವಳು ಮಧ್ಯಾಹ್ನವೇ ಸುಸ್ತು ಎಂದು ಮಲಗತೊಡಗಿದಳು. ಬೇಸಿಗೆಯಲ್ಲೂ ಥಂಡಿ ಎಂದು ಸೆರಗು ಹೊದೆಯುತ್ತಿದ್ದಳು. ನಾವೆಲ್ಲ ಅದನ್ನು ದಪ್ಪಗಾದ ಮೈಯ ಆಲಸ್ಯವೆಂದುಕೊಂಡೆವು. ಅವಳ ಮುಖ ಸ್ವಲ್ಪ ಊದಿಕೊಂಡಂತಿದ್ದುದನ್ನು ನಾನೂ ಗಮನಿಸಿದ್ದೆ, ಮೈ ಬಂದಿದೆ ಅಂದುಕೊಂಡು ಸುಮ್ಮನಾದೆ.

ಅದೇ ಸಮಯಕ್ಕೆ ನನ್ನ ಮೈಯೂ ಬೆಳೆದಿತ್ತು. ದಿನವಿಡೀ ಮಶೀನಿನ ಮುಂದೆ ಕೂರುವ ಕೆಲಸ. ಗಿರಾಕಿ ಬಂದಾಗೊಮ್ಮೆ ಸಕ್ಕರೆ ಹಾಕಿದ ಚಹಾ, ಜೊತೆಗೆ ಚೂಡಾ. ಒಬ್ಬ ಗಿರಾಕಿ ನನ್ನನ್ನು ಮಹಡಿಯ ಮೇಲಿನ ಒಂದು ಕೋಣೆಗೆ ಕರೆದುಕೊಂಡು ಹೋದಳು. ಬೆಳಿಗ್ಗೆ ಅಲ್ಲಿ ಹತ್ತಿಪ್ಪತ್ತು ಹೆಂಗಸರು ಸೇರುತ್ತಿದ್ದರು. ಅಲ್ಲಿಯ ಮೇಡಂ ಒಬ್ಬೊಬ್ಬರನ್ನೇ ತೂಕದ ಯಂತ್ರದ ಮೇಲೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಮುಂಜಾನೆಯ ನಾಷ್ಟಾ ಬಿಟ್ಟು ಒಂದು ಗ್ಲಾಸು ಪುಡಿ ಕಲಸಿದ ನೀರು, ರಾತ್ರಿ ಊಟದ ಬದಲು ಇನ್ನೊಂದು ಗ್ಲಾಸು. ಎರಡು ತಿಂಗಳಲ್ಲಿ ನಾನು ಎಂಟು ಕಿಲೋ ಇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಾಗಿ ಯಾರೂ ಹಾಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ದಿನಕ್ಕೆ ಒಂದೇ ಊಟ ಮಾಡಿದರೆ ಯಾರೇ ಆದರೂ ಇಳಿಯುತ್ತಾರೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಡಬ್ಬಿಯೇ ಇಳಿಸಿತು ಎಂದು ನಂಬಿದೆ.

"ನೀವ ಹೆಂಗಸರ ಅಳತಿ ತಗೊಳ್ಳಾಕಿ ಅದೀರಿ. ನಿಮ್ಮಷ್ಟ ಛಲೋ ಯಾರ ಮಾರತಾರ್ರಿ?" ಎಂದರು ಮೇಡಂ.

ಹಾಗೆ ಶುರುವಾಯಿತು. ಜಂಪರಿನ ಅಳತೆ ತೆಗೆಯುವಾಗ ಟೇಪನ್ನು ಒಂದು ಗಳಿಗೆ ಹೆಚ್ಚೇ ಹಿಡಿದು, "ಅಕ್ಕಾರ, ಹ್ವಾದ ಸಲಕ್ಕಿಂತ ಎರಡ ಇಂಚ ಜಾಸ್ತಿ ಆಗೇತಲ್ರಿ" ಎನ್ನುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು. ಆಗ ಕಪಾಟು ತೆರೆಯುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಆದರೆ ಅವರೆಲ್ಲರಿಗಿಂತ ಮೊದಲು ನಾನು ಡಬ್ಬಿ ಕೊಟ್ಟದ್ದು ಅಕ್ಕನಿಗೆ. ಭಾನುವಾರ ಬಸ್ಸು ಹತ್ತಿ ಸವದತ್ತಿಗೆ ಹೋಗಿ, ಕಲಸುವ ರೀತಿ ತೋರಿಸಿ ಬಂದಿದ್ದೆ.

ಮೊದಲ ತಿಂಗಳು ಅವಳು ನಾಲ್ಕು ಕಿಲೋ ಇಳಿದಳು. ಆಮೇಲೆ ತೂಕದ ಮುಳ್ಳು ಅಲ್ಲೇ ನಿಂತಿತು. ಒಂದು ದಿನ ಫೋನ್ ಮಾಡಿದಳು.

"ತಲಿ ಬಾಚಿದ್ರ ಕೂದಲಾ ಉಂಡಿ ಉಂಡಿ ಬರಾಕ ಹತ್ತಾವ. ಒಲಿ ಮುಂದ ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ. ಬಿಟ್ಟಬಿಡ್ಲೇನ?"

"ಬಿಡಬ್ಯಾಡಬೇ ಅಕ್ಕಾ. ಮೈಯಾಗಿನ ಕೆಟ್ಟದ್ದೆಲ್ಲಾ ಹೊರಗ ಬರಾಕ ಹತ್ತೇತಿ. ಇನ್ನೊಂದ ಹದಿನೈದ ದಿವಸ ತಾಳ್ಕೊ."

ಇದು ಮೇಡಂ ನನಗೆ ಕಲಿಸಿದ ಮಾತು. ನಾನು ಯಾವ ಡಾಕ್ಟರೂ ಅಲ್ಲ, ಹತ್ತನೆಯ ಇಯತ್ತೆ ಓದಿ ಹೊಲಿಗೆ ಕಲಿತವಳು. ಆದರೂ ಅಷ್ಟು ಗಟ್ಟಿಯಾಗಿ ಹೇಳಿದೆ. ಅಕ್ಕ "ಆತು" ಎಂದಳು.

ಅಕ್ಕನಿಗೆ ಪುಡಿ ಕೆಲಸ ಮಾಡುತ್ತಿಲ್ಲ ಎಂದು ನಾನು ಹೇಳಿದಾಗ ಮೇಡಂ ಹಸಿರು ಗುಳಿಗೆಗಳ ಬಾಟಲಿ ಕೊಟ್ಟರು. ಗಿಡಮೂಲಿಕೆಯದು, ಏನೂ ತೊಂದರೆಯಿಲ್ಲ ಎಂದರು. ಅದನ್ನೂ ನಾನೇ ಅಕ್ಕನಿಗೆ ಮುಟ್ಟಿಸಿದೆ. ಆ ಹೊತ್ತಿಗೆ ನನ್ನ ಸ್ವಂತ ತೂಕ ತಿರುಗಿ ಬರತೊಡಗಿತ್ತು. ಹಸಿವು ತಡೆಯಲಾಗದೆ ಒಂದು ದಿನ ರೊಟ್ಟಿ ತಿಂದೆ, ಮರುದಿನ ಎರಡು ತಿಂದೆ. ಮೂರು ತಿಂಗಳಲ್ಲಿ ಇಳಿದದ್ದೆಲ್ಲ ಬಂತು, ಮೇಲೆ ಎರಡು ಕಿಲೋ ಹೆಚ್ಚಾಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಹಚ್ಚಿದ್ದ ನನ್ನ ತೆಳ್ಳಗಿನ ಫೋಟೋವನ್ನೂ ತೆಗೆಯಲಿಲ್ಲ. ಅಕ್ಕನಿಗಾದರೂ ಹೇಳಿದ್ದರೆ ಅವಳು ಅಂದೇ ಬಿಡುತ್ತಿದ್ದಳು.

ಗುಳಿಗೆ ಶುರುಮಾಡಿದ ಆರನೆಯ ವಾರ ಅಕ್ಕನ ದೊಡ್ಡ ಮಗಳು ಫೋನ್ ಮಾಡಿದಳು. "ಚಿಗವ್ವಾ, ಅವ್ವನ ಕಣ್ಣ ಅರಿಶಿಣದಂಗ ಆಗ್ಯಾವ. ಏನ ತಿಂದ್ರೂ ವಾಂತಿ ಮಾಡಾಕ ಹತ್ಯಾಳ."

ಧಾರವಾಡದ ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಡಾಕ್ಟರು ಭಾವನನ್ನು ಕೇಳುತ್ತಿದ್ದರು: "ಏನೇನ ಔಷಧ ತಗೊಂಡಾರ ಹೇಳ್ರಿ. ಒಂದೂ ಬಿಡಬ್ಯಾಡ್ರಿ." ಭಾವನಿಗೆ ಏನೂ ಗೊತ್ತಿರಲಿಲ್ಲ. ನಾನು ಚೀಲದಿಂದ ಡಬ್ಬಿ ಮತ್ತು ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟೆ.

"ಇದನ್ನ ಯಾರ ಕೊಟ್ಟಾರ್ರಿ?"

"ನಾನರೀ."

ಡಾಕ್ಟರು ಬೈಯಲಿಲ್ಲ. ಬಾಟಲಿಯನ್ನು ತಿರುಗಿಸಿ ನೋಡಿ, "ಇದರಾಗ ಖರೇನ ಏನ ಐತಿ ಅನ್ನೂದು ಯಾರಿಗೆ ಗೊತ್ತೈತ್ರಿ? ಲಿವರಿಗೆ ಪೆಟ್ಟ ಬಿದ್ದೈತಿ. ಇದರಿಂದನ ಅಂತ ನೂರಕ್ಕ ನೂರ ಹೇಳಾಕ ಆಗಂಗಿಲ್ಲ, ಆದ್ರ ಬ್ಯಾರೆ ಕಾರಣ ನಮಗ ಕಾಣವಲ್ದು" ಎಂದರು. ಆಮೇಲೆ, "ಎಂದರ ಥೈರಾಯ್ಡ್ ತಪಾಸಣಿ ಮಾಡಿಸಿದ್ರೇನು?" ಎಂದು ಕೇಳಿದರು. "ಇಲ್ಲರೀ" ಎಂದರು ಭಾವ.

ಮರುದಿನ ರಕ್ತದ ವರದಿ ಬಂತು. ಅಕ್ಕನ ಥೈರಾಯ್ಡ್ ಗ್ರಂಥಿ ಬಹಳ ದಿನಗಳಿಂದ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆ ಸುಸ್ತು, ಥಂಡಿ, ಊದಿದ ಮುಖ, ಬೆಳೆದ ಮೈ, ಎಲ್ಲದರ ಹಿಂದೆ ಅದಿತ್ತು. ಒಂದು ರಕ್ತ ತಪಾಸಣೆ, ದಿನಕ್ಕೊಂದು ಸಣ್ಣ ಗುಳಿಗೆ ಸಾಕಾಗುತ್ತಿತ್ತು. ಅದರ ಬದಲು ನಾನು ಅವಳನ್ನು ತಿಂಗಳುಗಟ್ಟಲೆ ಉಪವಾಸ ಕೆಡವಿದ್ದೆ.

ಹದಿನೇಳು ದಿವಸ ಅಲ್ಲಿದ್ದಳು. ಬದುಕಿದಳು. ಮನೆಗೆ ಬಂದಾಗ ಅವಳ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮಾತನಾಡಿಸಲು ಬಂದ ಪಕ್ಕದ ಮನೆಯವರೊಬ್ಬರು ಬಾಗಿಲಲ್ಲೇ ನಿಂತು ಸಂತೋಷದಿಂದ, "ಅಯ್ಯ, ಎಷ್ಟ ಛಂದ ಸಣ್ಣ ಆಗೀರಿ! ಏನ ತಗೊಂಡ್ರಿ? ನಮಗೂ ಹೇಳ್ರಿ" ಎಂದರು. ಅಕ್ಕ ನಕ್ಕಳು. ನಾನು ಒಳಗೆ ಅಡುಗೆಮನೆಗೆ ಹೋಗಿ ನಿಂತೆ.

ಶಾಲೆಯ ಅಡುಗೆ ಕೆಲಸ ಹೋಯಿತು. ಅಷ್ಟು ದೊಡ್ಡ ಪಾತ್ರೆ ಇಳಿಸುವ ಶಕ್ತಿ ಅವಳ ಕೈಗಳಿಗೆ ಮತ್ತೆ ಬರಲಿಲ್ಲ. ಬೇರೆಯವರು ಸೇರಿಕೊಂಡರು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಈಗಲೂ ಅವಳು ಮನೆಯಲ್ಲಿ ಏಳುತ್ತಾಳೆ, ಸುಮ್ಮನೆ ಎರಡು ಹೆಜ್ಜೆ ಅಡ್ಡಾಡುತ್ತಾಳೆ, ಮತ್ತೆ ಕೂರುತ್ತಾಳೆ.

ನಾನು ಬೈಲಹೊಂಗಲಕ್ಕೆ ಬಂದು ಕಪಾಟು ಖಾಲಿ ಮಾಡಿದೆ. ಡಬ್ಬಿ ಕೊಂಡವರ ಮನೆಮನೆಗೆ ಹೋಗಿ ಅಕ್ಕನಿಗೆ ಆದದ್ದನ್ನು ಹೇಳಿದೆ. ಕೆಲವರು ಬಿಟ್ಟರು. ಒಬ್ಬರು, "ನಿಮಗ ತೂಕ ತಿರುಗಿ ಬಂದೈತಿ, ಅದಕ್ಕ ಹಿಂಗ ಅಂತೀರಿ" ಎಂದು ಬಾಗಿಲು ಹಾಕಿಕೊಂಡರು. ರಾಮದುರ್ಗಕ್ಕೆ ಕೊಟ್ಟ ಮಗಳಿಗಾಗಿ ಒಬ್ಬ ತಾಯಿ ಎರಡು ಡಬ್ಬಿ ಒಯ್ದಿದ್ದರು. ಅವರ ಮನೆಯೂ ಗೊತ್ತಿರಲಿಲ್ಲ, ನಂಬರೂ ನನ್ನ ಬಳಿ ಇರಲಿಲ್ಲ. ಆ ಹುಡುಗಿ ಏನು ಮಾಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ಅಕ್ಕನಿಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ. ಹೊತ್ತಿಗೆ ಸರಿಯಾಗಿ ಊಟ, ಯಾವ ಹೊತ್ತೂ ಬಿಡಬಾರದು. ಎರಡು ರೊಟ್ಟಿ, ರೊಟ್ಟಿಗಿಂತ ಹೆಚ್ಚು ಪಲ್ಯ, ಮೊಳಕೆ ಕಾಳು, ಮಜ್ಜಿಗೆ. ಚಹಾ ಎರಡೇ ಸಲ. ಆದಷ್ಟು ನಡಿಗೆ, ಕಣ್ತುಂಬ ನಿದ್ದೆ. "ತಿಂಗಳಿಗೆ ಅರ್ಧ ಕಿಲೋ, ಒಂದ ಕಿಲೋ ಇಳದ್ರ ಸಾಕರೀ. ಸಾವಕಾಶ ಇಳದದ್ದು ನಿಂದರತೈತಿ" ಎಂದಿದ್ದರು.

ಶಕ್ತಿ ಬರಲೆಂದು ಮೊದಲ ಆರು ತಿಂಗಳು ಅಕ್ಕ ಚೆನ್ನಾಗಿ ಉಂಡಳು, ಮೈ ತುಂಬಿಕೊಂಡಿತು. ಆಮೇಲೆ ಇಬ್ಬರೂ ನಡೆಯಲು ಶುರುಮಾಡಿದೆವು. ನಾನು ದಿನಾ ಬೈಲಹೊಂಗಲದಲ್ಲಿ, ಅವಳು ಸವದತ್ತಿಯಲ್ಲಿ, ಭಾನುವಾರ ಅಲ್ಲಿಯೇ ಇಬ್ಬರೂ ಕೂಡಿ. ಎರಡು ವರ್ಷಗಳಲ್ಲಿ ನಾನು ಒಂಬತ್ತು ಕಿಲೋ ಇಳಿದಿದ್ದೇನೆ, ಅದು ತಿರುಗಿ ಬಂದಿಲ್ಲ. ಅಕ್ಕನ ಮೊಣಕಾಲು ನೋವು ಕಡಿಮೆಯಾಗಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೂ ಅದು ಬೇಕಿರಲಿಲ್ಲ.

ಒಂದು ಭಾನುವಾರ ಮುಂಜಾನೆ ನಡೆಯುವಾಗ ತಡೆಯಲಾಗದೆ ಕೇಳಿಬಿಟ್ಟೆ.

"ಅಕ್ಕಾ, ಅಷ್ಟ ತ್ರಾಸ ಆದ್ರೂ ಯಾಕ ಬಿಡ್ಲಿಲ್ಲಬೇ? ಸಣ್ಣಾಕಿ ಆಗೂದು ಅಷ್ಟ ಬೇಕಾಗಿತ್ತೇನ ನಿನಗ?"

ಅವಳು ನಡೆಯುತ್ತಲೇ ಹೇಳಿದಳು.

"ನನಗ್ಯಾಕ ಬೇಕಾಗಿತ್ತ ತಂಗೀ. ನೀ ಹೊಸಾ ಧಂದೆ ಸುರು ಮಾಡಿದ್ದಿ. ಎಷ್ಟ ಖುಷಿಲೆ ಬಂದಿದ್ದಿ ಆವತ್ತ, ಚೀಲಾ ಹಿಡ್ಕೊಂಡ. ನಾನ ಬ್ಯಾಡ ಅಂದ್ರ ನಿನಗ ಹೆಂಗ ಅನಸತಿತ್ತು? ಅದಕ್ಕ ಕುಡದೆ."

ನನ್ನನ್ನು ನೋಯಿಸಲು ಅವಳು ಹಾಗೆ ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿದಳು, ಅಷ್ಟೇ. ನಾನು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯಿತು. ಅಕ್ಕ ನನ್ನ ರಟ್ಟೆ ಹಿಡಿದು ಬದಿಗೆ ಎಳೆದುಕೊಂಡಳು. ಬಸ್ಸು ಹೋದ ಮೇಲೂ ಕೈ ಬಿಡದೆ ಹಾಗೆಯೇ ನಡೆಸಿಕೊಂಡು ಹೋದಳು. ಅವಳ ಬೆರಳುಗಳಲ್ಲಿ ಎಷ್ಟು ಕಡಿಮೆ ಬಲವಿದೆ ಎಂಬುದು ನನಗೆ ಆಗ ತಿಳಿಯಿತು.